ಸೀಸನ್‌ನ ಮೊದಲ ಸೈಕಲ್ ರೋಡ್ ರೇಸ್‌ಗೆ ಹೊರಟವರಿಗೆ

ಮೊದಲ 10 ನಿಮಿಷವೇ ಕಷ್ಟ ಕಣ್ರೀ. ತಿಂಗಳುಗಟ್ಟಲೆ ಒಬ್ಬೊಬ್ಬರೇ ಪ್ರಾಕ್ಟೀಸ್ ಮಾಡಿದವರೆಲ್ಲ ಒಟ್ಟಿಗೆ ಹೊರಡುತ್ತಾರೆ, ಹುರುಪು ಜಾಸ್ತಿ, ಶುರುವಿನಲ್ಲೇ ಸ್ಪೀಡ್ ಏರಿಬಿಡುತ್ತದೆ. ಅದಕ್ಕೇ 20 ನಿಮಿಷ ವಾರ್ಮಪ್ ಮಾಡಿಕೊಂಡೇ ಸ್ಟಾರ್ಟ್ ಲೈನ್‌ಗೆ ಬನ್ನಿ.

ಗುಂಪಿನ ಬಾಲದಲ್ಲಿ ಇರಬೇಡಿ. ಯು-ಟರ್ನ್‌ನಲ್ಲಿ ಮುಂದಿನವರು ಸ್ವಲ್ಪ ಬ್ರೇಕ್ ಹಿಡಿದರೆ ಕೊನೆಯವರು ಹೆಚ್ಚುಕಡಿಮೆ ನಿಂತೇ ಬಿಡುತ್ತಾರೆ, ಆಮೇಲೆ ಪ್ರತಿ ಸಲ ಜೋರಾಗಿ ತುಳಿದು ಗುಂಪು ಸೇರಬೇಕು, ನನ್ನ ಮೊದಲ ರೇಸ್‌ನಲ್ಲಿ ಕಾಲು ಸೋತದ್ದು ಹೀಗೇ.

ಎದುರುಗಾಳಿ ಇದ್ದಾಗ ಸುಮ್ನೆ ಮುಂದೆ ಹೋಗಿ ಗುಂಪನ್ನು ಎಳೆಯಬೇಡಿ. ಇನ್ನೊಬ್ಬರ ಹಿಂದೆ ಇರಿ, ಎಷ್ಟೋ ಶಕ್ತಿ ಉಳಿಯುತ್ತದೆ. ಆದರೆ ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗದಿರಲಿ. ಅವರು ಒಂಚೂರು ಸರಿದು ಚಕ್ರ ತಾಗಿದರೆ ಬೀಳುವವರು ನೀವೇ.

ಹೊಸ ಎನರ್ಜಿ ಜೆಲ್ (ರೇಸ್ ಮಧ್ಯೆ ಶಕ್ತಿಗೆ ತಿನ್ನುವಂಥದ್ದು), ಹೊಸ ಶೂ ಅವತ್ತು ಬೇಡವೇ ಬೇಡ.