ಒಂದೇ ಅಚ್ಚು, ಹಲವು ಬೆಲ್ಲ: ಟ್ಯಾಪೆಸ್ಟ್ರಿಯಲ್ಲಿ ಪ್ಯಾರಾಮೀಟರ್ ಕೊಡುವುದು ಹೇಗೆ?

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೀರಿ ಎಂದುಕೊಳ್ಳಿ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಲಚ್ಚು, ಹೀಗೆ ಒಂದೊಂದಕ್ಕೂ ಹೆಸರು ಮತ್ತು ಕಿಲೋ ದರ ತೋರಿಸುವ ಚೀಟಿ ಬೇಕು. ಅದೇ ಎಚ್‌ಟಿಎಂಎಲ್ ಅನ್ನು ಮೂರು ಸಲ ಬರೆದರೆ ಇವತ್ತಿನ ಕೆಲಸ ಮುಗಿಯುತ್ತದೆ. ನಾಳೆ ‘ದರ ದಪ್ಪಕ್ಷರದಲ್ಲಿರಲಿ’ ಎಂದು ಅವರು ಹೇಳಿದಾಗ ಮೂರು ಕಡೆ ತಿದ್ದಬೇಕು. ಆಲೆಮನೆಯಲ್ಲಿ ಪ್ರತಿ ಕೊಪ್ಪರಿಗೆಗೂ ಹೊಸ ಅಚ್ಚು ಕೆತ್ತಿಸುವುದಿಲ್ಲವಲ್ಲ. ಜಾವಾ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟಾದ (ಫ್ರೇಮ್‌ವರ್ಕ್) ಅಪಾಚೆ ಟ್ಯಾಪೆಸ್ಟ್ರಿ 5ರಲ್ಲಿ ಆ ಅಚ್ಚಿನ ಹೆಸರು ಕಾಂಪೊನೆಂಟ್.

ಮೊದಲು ‘ಕಾಂಪೊನೆಂಟ್ಸ್’ ಪ್ಯಾಕೇಜಿನಲ್ಲಿ ‘ಬೆಲ್ಲಚೀಟಿ’ ಎಂಬ ಕ್ಲಾಸ್ ಬರೆಯಿರಿ. (ಓದಲು ಸುಲಭವಾಗಲೆಂದು ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ, ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಲಿ.) ಅದರಲ್ಲಿ ‘ಹೆಸರು’, ‘ದರ’ ಎಂಬ ಎರಡು ಪ್ರೈವೇಟ್ ಫೀಲ್ಡ್‌ಗಳು. ಎರಡರ ತಲೆಯ ಮೇಲೂ ‘ಪ್ಯಾರಾಮೀಟರ್’ ಮತ್ತು ‘ಪ್ರಾಪರ್ಟಿ’ ಅನೋಟೇಶನ್‌ಗಳನ್ನು (@ ಚಿಹ್ನೆಯಿಂದ ಶುರುವಾಗುವ ಸೂಚನೆಗಳನ್ನು) ಹಾಕಿ. ಮೊದಲನೆಯದು ಹೊರಗಿನಿಂದ ಮೌಲ್ಯ ತರುತ್ತದೆ, ಎರಡನೆಯದು ಅದನ್ನು ಟೆಂಪ್ಲೇಟಿಗೆ ಕಾಣಿಸುತ್ತದೆ. ಕ್ಲಾಸಿನ ಹೆಸರಿನದೇ ಒಂದು ಟಿಎಂಎಲ್ ಕಡತ (ಅದೇ ಟೆಂಪ್ಲೇಟ್) ಮಾಡಿ, ಡಾಲರ್ ಚಿಹ್ನೆಯ ಪಕ್ಕದ ಪುಷ್ಪಾವರಣದಲ್ಲಿ ಫೀಲ್ಡಿನ ಹೆಸರು ಬರೆದರೆ ಅಚ್ಚು ಸಿದ್ಧ.

ಇನ್ನು ಪುಟದ ಟೆಂಪ್ಲೇಟಿನಲ್ಲಿ ‘ಟಿ:ಬೆಲ್ಲಚೀಟಿ’ ಟ್ಯಾಗ್ ಹಾಕಿ, ಹೆಸರನ್ನೂ ದರವನ್ನೂ ಅದರ ಆಟ್ರಿಬ್ಯೂಟ್‌ಗಳಾಗಿ ಕೊಡಿ.

ಹೊಸಬರು ಮುಗ್ಗರಿಸುವುದು ಇಲ್ಲೇ. ಹೆಸರಿಗೆ ‘ಬಕೆಟ್’ ಎಂದು ಬರೆದರೆ ಚೀಟಿಯಲ್ಲಿ ‘ಬಕೆಟ್’ ಎಂದು ಬರುವುದಿಲ್ಲ, ದೋಷದ ಪುಟ ಬರುತ್ತದೆ. ಉದ್ಧರಣ ಚಿಹ್ನೆಯೊಳಗಿನ ಪದವನ್ನು ಟ್ಯಾಪೆಸ್ಟ್ರಿ ಬರಿಯ ಅಕ್ಷರಗಳೆಂದು ಓದುವುದಿಲ್ಲ, ನಿಮ್ಮ ಪುಟದ ಕ್ಲಾಸಿನಲ್ಲಿರುವ ಪ್ರಾಪರ್ಟಿಯ ಹೆಸರೆಂದು ಓದುತ್ತದೆ. ಹೇಳದಿದ್ದರೂ ಅದು ಹಿಡಿಯುವ ಪೂರ್ವಪದ ‘ಪ್ರಾಪ್’. ಇದ್ದುದನ್ನು ಇದ್ದಂತೆಯೇ ಕೊಡಬೇಕಾದರೆ ಮೌಲ್ಯದ ಮುಂದೆ ‘ಲಿಟರಲ್’ ಎಂಬ ಪೂರ್ವಪದ ಮತ್ತು ಕೋಲನ್ ಸೇರಿಸಿ. ಪ್ರತಿ ಸಲವೂ ಅದನ್ನು ಬರೆಯುವುದು ಬೇಸರವೆನಿಸಿದರೆ ‘ಪ್ಯಾರಾಮೀಟರ್’ ಅನೋಟೇಶನ್ನಿನಲ್ಲೇ ‘ಡಿಫಾಲ್ಟ್‌ಪ್ರಿಫಿಕ್ಸ್’ ಅನ್ನು ಲಿಟರಲ್ ಎಂದು ಗೊತ್ತುಮಾಡಬಹುದು. ಬೆಲ್ಲದ ಹೆಸರು ಬದಲಾಗದು, ಅದಕ್ಕೆ ಹೀಗೆ ಮಾಡುವುದೇ ಸರಿ. ದರ ಮಾರುಕಟ್ಟೆಯಂತೆ ಏರಿಳಿಯುತ್ತದೆ. ಅದು ಪುಟದ ಪ್ರಾಪರ್ಟಿಯಿಂದಲೇ ಬರಲಿ.

ದರದ ‘ಪ್ಯಾರಾಮೀಟರ್’ ಅನೋಟೇಶನ್ನಿನಲ್ಲಿ ‘ರಿಕ್ವೈರ್ಡ್’ ಎಂಬುದನ್ನು ‘ಟ್ರೂ’ ಮಾಡಲು ಮರೆಯಬೇಡಿ. ಮರೆತರೆ, ಆಟ್ರಿಬ್ಯೂಟ್ ಬಿಟ್ಟುಹೋದಾಗ ‘ಇಂಟ್’ ಮಾದರಿಯ ಫೀಲ್ಡ್ ಸದ್ದಿಲ್ಲದೆ 0 ಆಗುತ್ತದೆ. ಕಿಲೋಗೆ ಸೊನ್ನೆ ರೂಪಾಯಿ ಎಂಬ ಚೀಟಿ ನೋಡಿ ಗಿರಾಕಿಗಳು ಹಿಗ್ಗಬಹುದು, ವ್ಯಾಪಾರಿ ಹಿಗ್ಗಲಾರರು.

ಇನ್ನೊಂದು ಮಾತು. ನಾಲೆಯ ನೀರು ಗದ್ದೆಯತ್ತ ಮಾತ್ರ ಹರಿಯುತ್ತದೆ, ಪ್ಯಾರಾಮೀಟರ್ ಎರಡೂ ಕಡೆಗೆ ಹರಿಯುತ್ತದೆ. ಕಾಂಪೊನೆಂಟಿನೊಳಗೆ ‘ದರ’ ಫೀಲ್ಡಿಗೆ ಹೊಸ ಬೆಲೆ ತುಂಬಿದರೆ ಪುಟದ ಪ್ರಾಪರ್ಟಿಯೂ ಬದಲಾಗುತ್ತದೆ. ಲಿಟರಲ್ ಆಗಿ ಕೊಟ್ಟಿದ್ದರೆ ದೋಷ ಬರುತ್ತದೆ. ಆದ್ದರಿಂದ ರಿಯಾಯಿತಿ ಕಳೆದ ಬೆಲೆಗೆ ಬೇರೆಯದೇ ಫೀಲ್ಡ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದೇ ದರವನ್ನು ಬಳಸುವ ಎರಡನೆಯ ಚೀಟಿಯಲ್ಲಿ ರಿಯಾಯಿತಿಯ ಮೇಲೆ ಇನ್ನೊಂದು ರಿಯಾಯಿತಿ ಬಿದ್ದಿರುತ್ತದೆ.