ಗೇಟ್ ಇಲ್ಲದ ಸ್ಟೇಷನ್: ಜರ್ಮನಿಗೆ ಓದಲು ಬರುವವರಿಗೆ

ಮ್ಯೂನಿಕ್‌ನ ಯು-ಬಾನ್, ಅಂದರೆ ಮೆಟ್ರೋ ಸ್ಟೇಷನ್‌ಗೆ ಮೊದಲ ಸಲ ಹೋದಾಗ ನಮ್ಮವರು ಗೇಟ್ ಹುಡುಕುತ್ತಾರೆ. ಬೆಂಗಳೂರಲ್ಲಿ ಕಾರ್ಡ್ ತೋರಿಸದೆ ಒಳಗೆ ಹೋಗೋಕೇ ಆಗಲ್ಲ ಅಲ್ವಾ? ಇಲ್ಲಿ ಮೆಟ್ಟಿಲು ಇಳಿದರೆ ನೇರ ಪ್ಲಾಟ್‌ಫಾರ್ಮ್. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕೂಡ ಇಲ್ಲ. ಹಾಗಂತ ಟಿಕೆಟ್ ಯಾರೂ ಕೇಳುವುದಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಟಿಕೆಟ್ ಸರಿಯಾಗಿದೆಯೇ ಅಂತ ಹತ್ತುವ ಮೊದಲೇ ನೋಡಿಕೊಳ್ಳುವ ಜವಾಬ್ದಾರಿ ಪೂರ್ತಿ ನಿಮ್ಮದು.

ನನಗೆ ಇದು ಗೊತ್ತಾಗಿದ್ದು ಮೊದಲ ವಾರದಲ್ಲೇ, ಬೇರೊಂದು ಊರಿನ ಟ್ರಾಮ್‌ನಲ್ಲಿ. ಮಷೀನ್‌ನಲ್ಲಿ ಟಿಕೆಟ್ ತೆಗೆದು ಪರ್ಸಿನಲ್ಲಿ ಇಟ್ಟುಕೊಂಡು ಕೂತಿದ್ದೆ. ಬಾಗಿಲು ಮುಚ್ಚಿದ ಮೇಲೆ, ಮಾಮೂಲಿ ಜಾಕೆಟ್ ಹಾಕಿಕೊಂಡಿದ್ದ ಇಬ್ಬರು ಎದ್ದು ನಿಂತು ಗುರುತಿನ ಚೀಟಿ ತೋರಿಸಿದರು. 'ಫಾರ್‌ಶೈನೆ, ಬಿಟ್ಟೆ', ಟಿಕೆಟ್ ತೋರಿಸಿ ಅಂತ. ಧೈರ್ಯವಾಗಿ ತೆಗೆದು ಕೊಟ್ಟೆ. ಅವರು ಅದನ್ನು ತಿರುಗಿಸಿ, ತುದಿಯಲ್ಲಿದ್ದ ಖಾಲಿ ಜಾಗಕ್ಕೆ ಬೆರಳಿಟ್ಟರು. ಅಲ್ಲಿ ಮುದ್ರೆ ಬೀಳಬೇಕಿತ್ತು. ದಂಡ 60 ಯೂರೋ.

ಎಷ್ಟೋ ಊರುಗಳಲ್ಲಿ ಕಾಗದದ ಟಿಕೆಟ್ ಕೊಂಡರೆ ಸಾಲದು. ಪ್ಲಾಟ್‌ಫಾರ್ಮ್‌ಗೆ ಹೋಗುವ ದಾರಿಯಲ್ಲೋ ಗಾಡಿಯ ಒಳಗೋ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರ ಸೀಳಿಗೆ ಟಿಕೆಟ್ ತೂರಿಸಿದರೆ ಟಕ್ ಅಂತ ದಿನಾಂಕ, ಸಮಯ ಒತ್ತುತ್ತದೆ. ಆಗಲೇ ಅದು ನಿಜವಾದ ಟಿಕೆಟ್. ಮೊಬೈಲ್ ಟಿಕೆಟ್‌ಗೆ ಇದು ಬೇಡ, ಆದರೆ ಗಾಡಿ ಹತ್ತುವ ಮೊದಲೇ ಕೊಂಡಿರಬೇಕು. ಪದೇ ಪದೇ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಪೊಲೀಸ್ ಕೇಸ್ ಕೂಡ ಆಗಬಹುದು. ವೀಸಾ ಮೇಲೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಇನ್ನು ದಿನನಿತ್ಯದ ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಬಸ್, ಟ್ರಾಮ್, ಯು-ಬಾನ್, ಎಸ್-ಬಾನ್ ಅನ್ನುವ ಉಪನಗರ ರೈಲು, ಪ್ರಾದೇಶಿಕ ರೈಲು, ಎಲ್ಲದರಲ್ಲೂ ಇಡೀ ದೇಶ ಸುತ್ತಬಹುದು. ಹಲವು ವಿಶ್ವವಿದ್ಯಾಲಯಗಳಲ್ಲಿ ಇದರ ಸೆಮಿಸ್ಟರ್ ಟಿಕೆಟ್ ಫೀಸಿನ ಜೊತೆಗೇ ಬರುತ್ತದೆ, ಸುಮಾರು ಶೇ. 60ರಷ್ಟು ಬೆಲೆಗೆ. ಮೊದಲು ಅದನ್ನು ವಿಚಾರಿಸಿ, ಸುಮ್ನೆ ಎರಡು ಸಲ ದುಡ್ಡು ಕೊಡಬೇಡಿ. ನೀವೇ ಕೊಂಡರೆ ಅದು ತಿಂಗಳು ತಿಂಗಳು ತಾನಾಗೇ ಮುಂದುವರಿಯುತ್ತದೆ. ಮುಂದಿನ ತಿಂಗಳಿಗೆ ಬೇಡ ಅಂದರೆ ಈ ತಿಂಗಳ 10ರೊಳಗೆ ರದ್ದು ಮಾಡಬೇಕು. ರಜೆಗೆ ಊರಿಗೆ ಹೊರಡುವವರು ಮರೆಯುವುದು ಇದನ್ನೇ.

ಐಸಿಇ, ಐಸಿ ಅನ್ನುವ ದೂರದ ರೈಲುಗಳಿಗೆ ಈ ಟಿಕೆಟ್ ನಡೆಯುವುದಿಲ್ಲ. ರೈಲಿನ ನಂಬರ್ ಜೊತೆ ಆರ್‌ಇ, ಆರ್‌ಬಿ (ಪ್ರಾದೇಶಿಕ ರೈಲು), ಎಸ್ (ಎಸ್-ಬಾನ್) ಅಂತ ಇದ್ದರೆ ಹತ್ತಿ. ಐಸಿಇಗೆ ಅಗ್ಗದ ಟಿಕೆಟ್ ಬೇಕಾದರೆ ಮುಂಚೆಯೇ ಬುಕ್ ಮಾಡಿ, ಆದರೆ ಅದರಲ್ಲಿ ಬರೆದಿರುವ ರೈಲಿಗೇ ಹೋಗಬೇಕು. ರೈಲು ತಡವಾಗಿ, ನೀವು ತಲುಪುವುದು 20 ನಿಮಿಷಕ್ಕಿಂತ ಜಾಸ್ತಿ ತಡ ಅನ್ನಿಸಿದರೆ ಅದೇ ರೈಲಿಗೆ ಹೋಗಬೇಕೆಂಬ ಕಟ್ಟುಪಾಡು ಇರುವುದಿಲ್ಲ, ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ದುಡ್ಡು ವಾಪಸ್ ಕೇಳುವ ಹಕ್ಕಿದೆ. ಕೇಳಿ, ನಾಚಿಕೆ ಬೇಡ.

ಇನ್ನೊಂದು ವಿಷಯ ನಮ್ಮೂರಲ್ಲಿ ಅಷ್ಟಾಗಿ ಕಾಣುವುದಿಲ್ಲ: ಒಂದೇ ರೈಲು ದಾರಿಯಲ್ಲಿ ಎರಡಾಗುತ್ತದೆ. ಮ್ಯೂನಿಕ್‌ನಿಂದ ಟೆಗರ್ನ್‌ಸೇ ಕೆರೆ ನೋಡಲು ಹೊರಟರೆ ಹೋಲ್ಟ್ಸ್‌ಕಿರ್ಶನ್ ಸ್ಟೇಷನ್‌ನಲ್ಲಿ ಒಂದು ಭಾಗ ಬೈರಿಶ್‌ಸೆಲ್ ಕಡೆ ಹೋಗುತ್ತದೆ. ಶಾಫ್ಟ್‌ಲಾಖ್‌ನಲ್ಲಿ ಉಳಿದದ್ದು ಮತ್ತೆ ಬೇರೆಯಾಗುತ್ತದೆ. ಓಡುವಾಗ ಒಂದು ಭಾಗದಿಂದ ಇನ್ನೊಂದಕ್ಕೆ ನಡೆದು ಹೋಗಲು ಆಗದು. ಹಾಗಾಗಿ ಬೋಗಿಯ ಮೇಲಿನ ಊರಿನ ಹೆಸರು ಓದಿಯೇ ಹತ್ತಿ.

ಜರ್ಮನ್ ಬರದಿದ್ದರೂ ಎರಡು ಮಾತು ಕಲಿತಿಡಿ. 'ಫೆಲ್ಟ್ ಔಸ್' ಅಂದರೆ ರೈಲು ರದ್ದು. 'ಗ್ಲೈಸ್' ಅಂದರೆ ರೈಲು ಬರುವ ಹಳಿ, ಅದರ ನಂತರ ಬರುವುದು ಹಳಿಯ ನಂಬರ್. ಸ್ಟೇಷನ್ ಸ್ಪೀಕರ್‌ನಲ್ಲಿ ಗ್ಲೈಸ್ ಅಂತ ಕೇಳಿಸಿ, ಪಕ್ಕದವರೆಲ್ಲ ಬ್ಯಾಗ್ ಎತ್ತಿಕೊಂಡು ಹೊರಟರೆ ಬೋರ್ಡ್ ನೋಡಿ. ಪ್ಲಾಟ್‌ಫಾರ್ಮ್ ಬದಲಾಗಿರುತ್ತದೆ, ಕೈಯಲ್ಲಿ ಮೂರ್ನಾಲ್ಕು ನಿಮಿಷ ಅಷ್ಟೇ ಇರುತ್ತದೆ.