ಇಜಿಎಫ್ ಕೊಡುವುದು, ಇಜಿಎಫ್ ನಿಲ್ಲಿಸುವುದು

ದಾವಣಗೆರೆಯ ನಮ್ಮ ಲ್ಯಾಬ್‌ಗೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದು ಸೀರಮ್ ಬಾಟಲಿ, ಅಂದರೆ ಕೋಶ ಬೆಳೆಸಲು ಸಾಮಾನ್ಯವಾಗಿ ಹಾಕುವ, ರಕ್ತದಿಂದ ತೆಗೆದ ತಿಳಿ ದ್ರವ. ನಾವು ಬೆಳೆಸುವ ಮಿದುಳಿನ ಕಾಂಡಕೋಶಕ್ಕೆ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ) ಅದನ್ನು ಹಾಕುವಂತಿಲ್ಲ, ಹಾಕಿದರೆ ಬಹುಪಾಲು ಆಸ್ಟ್ರೋಸೈಟ್‌ಗಳಾಗಿ (ನರಕೋಶಕ್ಕೆ ಆಸರೆ ಕೊಡುವ ಕೋಶ) ತಳಕ್ಕೆ ಅಂಟಿಕೊಂಡುಬಿಡುತ್ತವೆ. ರೆನಾಲ್ಡ್ಸ್ ಮತ್ತು ವೈಸ್ ಎಂಬ ವಿಜ್ಞಾನಿಗಳು 1992ರಲ್ಲಿ ತೋರಿಸಿದ ದಾರಿಯನ್ನೇ ನಾನೂ ಹಿಡಿದಿದ್ದೇನೆ: ಇಲಿಯ ಮಿದುಳಿನ ಕೋಶ, ಸೀರಮ್ ಇಲ್ಲದ ಮೀಡಿಯಾ (ಕೋಶ ಬೆಳೆಸುವ ಪೋಷಕ ದ್ರವ), ಅದಕ್ಕೆ ಗ್ರೋತ್ ಫ್ಯಾಕ್ಟರ್, ಅಂದರೆ ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್. ನಾನು ಹಾಕುವುದು ಇಂಥ ಎರಡು: ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇಜಿಎಫ್, 10 ನ್ಯಾನೋಗ್ರಾಂ ಎಫ್‌ಜಿಎಫ್-2. ಜೊತೆಗೆ ಚೂರು ಹೆಪಾರಿನ್, ಎಫ್‌ಜಿಎಫ್-2 ಕೋಶದ ಮೇಲಿರುವ ತನ್ನ ಗ್ರಾಹಕವನ್ನು (ರಿಸೆಪ್ಟರ್) ಗಟ್ಟಿಯಾಗಿ ಹಿಡಿಯಲಿ ಅಂತ.

ಪ್ರಮಾಣ ಇಷ್ಟು ಕಡಿಮೆ ಇದ್ದಾಗ ಟ್ಯೂಬಿನ ಗೋಡೆಗೆ ಅಂಟಿಕೊಂಡೇ ಒಂದಷ್ಟು ಪ್ರೋಟೀನ್ ನಷ್ಟವಾಗುತ್ತದೆ. ಅದಕ್ಕೇ ಕರಗಿಸುವಾಗ ಶೇ. 0.1ರಷ್ಟು ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ, ಒಂದೊಂದು ಸಲಕ್ಕೆ ಬೇಕಾದಷ್ಟೇ ಹಂಚಿ ಫ್ರೀಜ್ ಮಾಡುತ್ತೇನೆ. ಎಫ್‌ಜಿಎಫ್-2 ಅಂತೂ 37 ಡಿಗ್ರಿಯಲ್ಲಿ ಒಂದು ದಿನ ಕಳೆಯುವಷ್ಟರಲ್ಲೇ ಬಹಳಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಭಾನುವಾರವಾಗಲಿ ಹಬ್ಬವಾಗಲಿ, ದಿನ ಬಿಟ್ಟು ದಿನ ಯಾರಾದರೂ ಬಂದು ಹಾಕಲೇಬೇಕು.

ವಾರದೊಳಗೆ ಕೋಶಗಳು ಗುಂಪುಗೂಡಿ ತೇಲತೊಡಗುತ್ತವೆ. "ಸರ್, ಥೇಟ್ ಮಂಡಕ್ಕಿ ಉಂಡಿ ಇದ್ದಂಗದಾವ್ರೀ," ಅಂದಳು ಒಬ್ಬ ವಿದ್ಯಾರ್ಥಿನಿ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ. ಬೆಳಕು ಹಾಯುವಂತಿದ್ದು ಅಂಚಿನಲ್ಲಿ ಸಣ್ಣ ಮುಳ್ಳುಗಳಿದ್ದರೆ ಉಂಡೆ ಚೆನ್ನಾಗಿದೆ ಅಂತ ಲೆಕ್ಕ. 150 ಮೈಕ್ರಾನ್ ದಾಟಲು ಬಿಟ್ಟರೆ ಒಳಗಿನವಕ್ಕೆ ಆಹಾರ ತಲುಪದೆ ನಡು ಕಪ್ಪಾಗುತ್ತದೆ. ಅಷ್ಟರೊಳಗೆ ಬಿಡಿಸಿ ಬೇರೆ ತಟ್ಟೆಗೆ ಹಾಕಬೇಕು.

ನನಗೆ ನಿಜವಾದ ಕುತೂಹಲ ಇರುವುದು ಮುಂದಿನ ಹಂತದಲ್ಲಿ. ಇಜಿಎಫ್, ಎಫ್‌ಜಿಎಫ್-2 ಇರುವತನಕ ಕೋಶ ಒಡೆದು ಇಮ್ಮಡಿಯಾಗುತ್ತದೆಯೇ ಹೊರತು ಬೇರೆ ಬಗೆಯ ಕೋಶವಾಗಲು ಒಪ್ಪುವುದಿಲ್ಲ. ಕೋಶ ಅಂಟಿಕೊಳ್ಳಲು ನೆರವಾಗುವ ಲ್ಯಾಮಿನಿನ್ ಎಂಬ ಪ್ರೋಟೀನ್ ಬಳಿದ ಗಾಜಿನ ಮೇಲೆ ಕೂರಿಸಿ ಎರಡನ್ನೂ ತೆಗೆದುಬಿಡಿ, ಕೈಕಾಲು ಚಾಚಲು ಶುರು. ವಾರದ ನಂತರ ಬಣ್ಣ ಹಾಕಿ ನೋಡಿದರೆ ಆಸ್ಟ್ರೋಸೈಟ್‌ಗಳೇ ಹೆಚ್ಚು, ನರಕೋಶ ಅಲ್ಲೊಂದು ಇಲ್ಲೊಂದು. ಬಿಡಿಎನ್‌ಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಕೊಟ್ಟರೆ ಆ ನರಕೋಶಗಳು ಉಳಿದುಕೊಳ್ಳಲು ಅನುಕೂಲ. ಬಿಎಂಪಿ ಎಂಬ ಮತ್ತೊಂದನ್ನು ಕೊಟ್ಟರೆ ಕಾಂಡಕೋಶಗಳು ಆಸ್ಟ್ರೋಸೈಟ್ ಕಡೆಗೇ ವಾಲುತ್ತವೆ.

ಪ್ರಾಣಿಯ ಮಿದುಳಿನಲ್ಲೂ ಇದೇ ತಕರಾರು. 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಯಸ್ಕ ಇಲಿಗಳ ಮಿದುಳಿನ ಕುಹರಕ್ಕೆ (ಒಳಗಿನ ದ್ರವ ತುಂಬಿದ ಪೊಳ್ಳು) ಇಜಿಎಫ್ ಹರಿಸಿದಾಗ ಕೋಶಗಳೇನೋ ಹೆಚ್ಚಿದವು, ಆದರೆ ಮಿದುಳಿನ ಘ್ರಾಣ ಗೆಡ್ಡೆಯಲ್ಲಿ (ವಾಸನೆ ಗ್ರಹಿಸುವ ಭಾಗ) ಹೊಸ ನರಕೋಶ ಕಡಿಮೆಯಾದವು. ಎಫ್‌ಜಿಎಫ್-2 ಹರಿಸಿದಾಗ ಅಲ್ಲಿ ಹೊಸ ನರಕೋಶ ಹೆಚ್ಚಿದವು.

ಊರಲ್ಲಿ ಸಿಕ್ಕವರು, "ನಮ್ಮಪ್ಪಾರ ಲಕ್ವಕ್ಕೆ ಇದನ್ನ ಒಂದು ಇಂಜೆಕ್ಷನ್ ಕೊಡಾಕ್ ಬರಲ್ವೇನ್ರೀ?" ಅನ್ನುತ್ತಾರೆ. ಬರಲ್ಲ ಅನ್ನುತ್ತೇನೆ. ರಕ್ತಕ್ಕೆ ಕೊಟ್ಟ ಇಂಥ ಪ್ರೋಟೀನ್ ಮಿದುಳಿನೊಳಗೆ ಸುಲಭವಾಗಿ ದಾಟುವುದಿಲ್ಲ. ಇಜಿಎಫ್‌ನ ಗ್ರಾಹಕ ಕೈಮೀರಿ ಕೆಲಸ ಮಾಡುವುದನ್ನು ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಕಾಣುತ್ತೇವೆ. ಕಾಂಡಕೋಶದ ಹೆಸರಲ್ಲಿ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ಇದು ಅನುಮತಿ ಪಡೆದ ಪ್ರಯೋಗವೇ, ಹಾಗಿದ್ದರೆ ರೋಗಿಯಿಂದ ದುಡ್ಡು ಯಾಕೆ ಅಂತ ಕೇಳಿ ಅನ್ನುತ್ತೇನೆ. ಫಿಸಿಯೋಥೆರಪಿ ಮಾತ್ರ ಬಿಡಿಸಬೇಡಿ ಅಂತಲೂ ಹೇಳಿ ಕಳಿಸುತ್ತೇನೆ.